ಸೋಲಬಲ್ಲವಳ ಶೌರ್ಯ

ಸೂಪರ್‌ಹೀರೋ ಚಿತ್ರಗಳ ಮೇಲಿನ ನನ್ನ ತಕರಾರು ಈ ಅಂಕಣದ ಓದುಗರಿಗೆ ಹೊಸದಲ್ಲ. ಗುಂಡು ತಾಗದ ಮೈ, ಬಿದ್ದರೂ ಮುರಿಯದ ಮೂಳೆ, ಕೊನೆಯಲ್ಲಿ ಪುಡಿಯಾಗುವ ಒಂದು ನಗರ. ಸೋಲುವ ಭಯವೇ ಇಲ್ಲದವರ ಹೊಡೆದಾಟದಲ್ಲಿ ನೋಡುವುದೇನಿದೆ? ‘ಲೋಕಃ’ ನೋಡಿ ಬಂದ ಮೇಲೂ ಆ ತಕರಾರು ಪೂರ್ತಿ ಹೋಗಿಲ್ಲ. ಆದರೆ ಅರ್ಧ ಚಿತ್ರ ನನ್ನನ್ನು ಅಲುಗಾಡದಂತೆ ಕೂರಿಸಿತು.

ಡೊಮಿನಿಕ್ ಅರುಣ್ ನಿರ್ದೇಶನದ ಈ ಮಲಯಾಳಂ ಚಿತ್ರ 2025ರ ಆಗಸ್ಟ್ 28ರಂದು ತೆರೆಕಂಡಿತು. ಕಥೆ ನಡೆಯುವುದು ನಮ್ಮ ಬೆಂಗಳೂರಿನಲ್ಲೇ. ಕಲ್ಯಾಣಿ ಪ್ರಿಯದರ್ಶನ್ ಮಾಡಿದ ಚಂದ್ರಾ ಕೆಫೆಯೊಂದರಲ್ಲಿ ರಾತ್ರಿಪಾಳಿ ಮಾಡುವ ಹುಡುಗಿ. ಅಸಲಿಗೆ ಅವಳು ಕೇರಳದವರು ಕೇಳಿ ಹೆದರಿ ಬೆಳೆದ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿ. ಹೆದರಿಸಲು ಹೇಳುತ್ತಿದ್ದ ಕಥೆಯನ್ನು ಅವಳ ಕಡೆ ನಿಂತು ಹೇಳಿರುವುದೇ ಈ ಚಿತ್ರದ ಹೆಚ್ಚುಗಾರಿಕೆ. ಅವಳ ಬಾಲ್ಯದ ಕಥೆಯಲ್ಲಿ ಕಾಡಿನ ಜನಕ್ಕೆ ಗುಡಿಯ ಬಾಗಿಲು ಮುಚ್ಚಿದೆ, ರಾಜನ ಆಳುಗಳು ಬೆನ್ನಟ್ಟಿದ್ದಾರೆ, ಗುಹೆಯೊಳಗೆ ಹುಡುಗಿಗೆ ಬಾವಲಿ ಕಚ್ಚುತ್ತದೆ. ಅವಳ ಶಕ್ತಿ ಯಾರೋ ಕೊಟ್ಟ ವರವಲ್ಲ, ತನ್ನವರನ್ನು ಕಳೆದುಕೊಂಡ ಹೊತ್ತಿನಲ್ಲಿ ಆದ ಗಾಯ. ಬೆಂಗಳೂರಿನಲ್ಲಿ ಅವಳು ಅಡಗಿಕೊಂಡು ಬದುಕುವಷ್ಟು ಹೊತ್ತೂ ಆ ಗಾಯ ಕಾಣುತ್ತದೆ. ಹೊಡೆದಾಟ ಜೋರಾದಂತೆ ಮಾಯವಾಗುತ್ತದೆ. ಆಮೇಲೆ ಮುಂದಿನ ಭಾಗಗಳಿಗೆ ಬೀಜ ಬಿತ್ತುವ ಕೆಲಸ, ಅತಿಥಿ ನಟರ ಮೆರವಣಿಗೆ. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಇದ್ದ ಒಂದು ಕೆಟ್ಟ ಮಾತಿಗೆ ಕನ್ನಡಿಗರು ಸಿಟ್ಟಾದದ್ದು ನ್ಯಾಯವೇ. ನಿರ್ಮಾಪಕರು ಕ್ಷಮೆ ಕೇಳಿದ್ದೂ ಸರಿಯೇ.

‘ಇಂಥ ಸಿನಿಮಾದಲ್ಲಿ ಲಾಜಿಕ್ ಹುಡುಕಬೇಡಿ, ನಿಮಗೆ ಹೆಗ್ಗೋಡಿನ ಗಾಳಿ ಬಡಿದಿದೆ’ ಎನ್ನುವವರು ನನಗೆ ಹಳಬರು. ಬಡಿದಿರುವುದು ನಿಜ. ನೀನಾಸಂ ಚಿತ್ರಸಮಾಜ ಹುಟ್ಟಿದ ಸೀಮೆಯಲ್ಲಿ ಸಿನಿಮಾ ನೋಡಲು ಕಲಿತವರು ನಾವು. ಆದರೆ ಅವರಿಗೆ ನಾನು ತೋರಿಸುವುದು ಜಪಾನಿನ ಕುರೊಸಾವನನ್ನಲ್ಲ, ಪುಟ್ಟಣ್ಣ ಕಣಗಾಲರ 1972ರ ‘ನಾಗರಹಾವು’ ಚಿತ್ರವನ್ನು.

ಚಿತ್ರದುರ್ಗದ ಕೋಟೆ ಕಾದ ಓಬವ್ವ ಅದರಲ್ಲಿ ಇರುವುದು ಒಂದು ಹಾಡಿನಷ್ಟು ಹೊತ್ತು. ಗಂಡ ಉಣ್ಣಲು ಕೂತಿದ್ದಾನೆ, ನೀರಿಗೆಂದು ಹೊರಟವಳಿಗೆ ಬಂಡೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರ ಸುಳಿವು ಸಿಗುತ್ತದೆ. ಓಬವ್ವನಾಗಿ ಜಯಂತಿಯವರು ಒನಕೆ ಹಿಡಿದು ಕಿಂಡಿಯ ಪಕ್ಕ ನಿಲ್ಲುತ್ತಾರೆ. ಅಲ್ಲಿ ಒಂದು ಸಲಕ್ಕೆ ಒಬ್ಬನೇ ನುಸುಳಬಹುದು. ತಲೆ ಈಚೆ ಬಂದರೆ ಏಟು, ಹೆಣ ಪಕ್ಕಕ್ಕೆ, ಮತ್ತೆ ಕಾಯುವುದು. ಆ ಎತ್ತಿ ಹಾಕುವ ಲಯ ದಿನವೂ ಭತ್ತ ಕುಟ್ಟಿದ ತೋಳಿನದು. ಒಬ್ಬ ಹೆಂಗಸು ಒಂದು ದಂಡನ್ನು ತಡೆಯಬಲ್ಲಳು ಎಂದು ನಂಬಲು ಮಾಯಾಮಂತ್ರ ಬೇಕಾಗಿಲ್ಲ, ಕಿಂಡಿಯ ಅಗಲ ಕಂಡರೆ ಸಾಕು. ದಣಿಯುವ ಮೈ ಅವಳದು. ಐತಿಹ್ಯದ ಓಬವ್ವ ಬದುಕಿ ಉಳಿಯುವುದೂ ಇಲ್ಲ.

ಹೀಗೆ ಸೋಲಬಲ್ಲ ಇನ್ನೊಬ್ಬಳು ನಮ್ಮ ನದಿಯ ಸೀಮೆಯಲ್ಲೇ ಇದ್ದಳು. ಹೊನ್ನೆಮರಡಿನಲ್ಲಿ ಹಿನ್ನೀರಾಗಿ ನಿಂತಿರುವ ಈ ಶರಾವತಿಯ ಕಣಿವೆಯಲ್ಲೇ ಅವಳ ಕಾನೂರು ಕೋಟೆಯಿದೆ. ಗೇರುಸೊಪ್ಪೆಯ ಚೆನ್ನಭೈರಾದೇವಿ 1552ರಿಂದ 54 ವರ್ಷ ಆಳಿದಳು. ಪೋರ್ಚುಗೀಸರ ಬಾಯಲ್ಲಿ ಅವಳು ಕಾಳುಮೆಣಸಿನ ರಾಣಿ. ಗಜಾನನ ಶರ್ಮರ ಕಾದಂಬರಿ ಬಂದ ಮೇಲೆ ಅವಳ ಹೆಸರು ಮನೆಮನೆಯಲ್ಲಿದೆ. ಈ ಕಥೆಯನ್ನು ಸಿನಿಮಾ ಮಾಡುವುದು ಕಷ್ಟ, ಏಕೆಂದರೆ ಅವಳನ್ನು ಸೋಲಿಸಿದವರು ಕೆಳದಿಯ ಅರಸರು. ಸಾಗರದವರಿಗೆ ಕೆಳದಿ ಎಂದರೆ ನಮ್ಮ ಮನೆ. ಬಂದ ನೆಂಟರನ್ನು ಆ ಅರಸರ ಇಕ್ಕೇರಿಗೆ ಕರೆದುಕೊಂಡು ಹೋಗಿ ಹೆಮ್ಮೆಯಿಂದ ತೋರಿಸುತ್ತೇವೆ. ಅದೇ ಮನೆತನದ ಚೆನ್ನಮ್ಮ ಮುಂದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರು ಹಾಕಿಕೊಂಡಳು. ಹೀಗಿರುವಾಗ ಖಳನಾಯಕನನ್ನು ಎಲ್ಲಿಂದ ತರುವುದು? ಸೂಪರ್‌ಹೀರೋ ಚಿತ್ರದ ಅಚ್ಚಿಗೆ ಈ ಕಥೆ ಒಗ್ಗುವುದಿಲ್ಲ. ನನಗೆ ಬೇಕಾದದ್ದೂ ಆ ಅಚ್ಚಿಗೆ ಒಗ್ಗದ ಚಿತ್ರವೇ: ಮೆಣಸಿನ ಲೆಕ್ಕ ನೋಡುವ, ಪೋರ್ಚುಗೀಸರೊಡನೆ ಒಮ್ಮೆ ಕಾದಾಡಿ ಒಮ್ಮೆ ವ್ಯಾಪಾರ ಮಾಡುವ, ಮುಪ್ಪಿನಲ್ಲಿ ಪಕ್ಕದ ಸೀಮೆಯ ಅರಸನಿಗೆ ಸೋಲುವ ಹೆಂಗಸಿನದು. ಅದನ್ನು ಸಾಗರದ ಟಾಕೀಸಿನಲ್ಲಿ, ಕೆಳದಿಯ ಅಭಿಮಾನಿಗಳ ನಡುವೆಯೇ ಕೂತು ನೋಡಬೇಕು.