ಬಿಟ್ಟಿ ದಿನ

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ಅಂದಿನಿಂದ ನಮ್ಮ ಕಡೆ ‘ಪರಂಪರೆ’ ಎಂಬ ಮಾತಿಗೆ ಭಾರೀ ಬೆಲೆ. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಮೊದಲ ದಿನ ಟಿಕೆಟ್ ಇರುವ ಸ್ಮಾರಕಗಳಿಗೂ ಪುಕ್ಕಟೆ ಪ್ರವೇಶ ಕೊಡುವ ವಾಡಿಕೆಯಿದೆ. ಮೇಷ್ಟರುಗಳು ಮಕ್ಕಳನ್ನು ಸಾಲಾಗಿ ಕರೆತರುತ್ತಾರೆ.

ಅಂಥ ಒಂದು ದಿನ ಹಳೇಬೀಡಿಗೆ ನಾನೂ ಮಕ್ಕಳ ಜೊತೆ ಹೋಗಿದ್ದೆ. ಒಬ್ಬ ಹುಡುಗನ ಅಜ್ಜಿ ಜಗತಿಯ ಕೆಳಗೇ ನಿಂತುಬಿಟ್ಟಳು. “ಅಜ್ಜೀ, ಮೇಲಕ್ಕೆ ಬಾ, ಇವತ್ತು ಎಲ್ಲಾ ಬಿಟ್ಟಿ” ಅಂದೆ. “ಬಿಟ್ಟಿ ನಮಗೇನ್ ಹೊಸದಾ ಮೇಷ್ಟ್ರೇ? ನಮ್ಮಪ್ಪ ಗೌಡ್ರ ಮನೇಲಿ ಸಾಯೋಗಂಟ ಬಿಟ್ಟಿ ಗೇಯ್ದ” ಅಂದಳು.

ಗೆಳೆಯರೇ, ಈ ಮಾತನ್ನು ಹಿಡಿದೇ ಹೊಯ್ಸಳೇಶ್ವರನ ಗುಡಿಯನ್ನು ನೋಡಬೇಕು. ಇದು ಎದ್ದದ್ದು ಬಿಟ್ಟಿದೇವ ಎಂದೂ ಹೆಸರಿದ್ದ ವಿಷ್ಣುವರ್ಧನನ ಕಾಲದಲ್ಲಿ. ಹೆಸರಿನ ಬಿಟ್ಟಿ ಬೇರೆ, ದುಡಿತದ ಬಿಟ್ಟಿ ಬೇರೆ ಅಂತಾರೆ ಪಂಡಿತರು. ಒಪ್ಪೋಣ. ಆದರೆ ನಾಡಿನ ಹಳೆಯ ಶಾಸನಗಳಲ್ಲಿ ದುಡಿತದ ಬಿಟ್ಟಿಯೂ ಇದೆಯಲ್ಲ, ಅದನ್ನು ಮಕ್ಕಳಿಗೆ ಯಾಕೆ ಹೇಳುವುದಿಲ್ಲ?

ಗೈಡು 1311ರ ಮಲ್ಲಿಕಾಫರನ ದಾಳಿಯನ್ನು ಗಂಟಲು ಹರಿಯುವಂತೆ ಹೇಳಿದ. ಮುರಿದವನ ಹೆಸರು ಮಕ್ಕಳಿಗೆ ಬಾಯಿಪಾಠವಾಯಿತು. ಕಟ್ಟಿದವರದು? ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಕಲ್ಲಿನ ಮೇಲೆ ತಮ್ಮ ಹೆಸರು ಬಿಟ್ಟುಹೋದರು. ಕೈಯಲ್ಲಿ ಉಳಿ ಹಿಡಿದವನು ಹೆಸರು ಕೆತ್ತಿಕೊಂಡದ್ದು ಸಣ್ಣ ಮಾತಲ್ಲ. ಒಡೆಯನಿಗಾಗಿ ಸತ್ತ ಕುವರ ಲಕ್ಷ್ಮನಿಗೆ ಹಳೇಬೀಡಿನಲ್ಲಿ ಒಂದು ಕಂಬವೇ ಇದೆ. ಬಳಪದ ಕಲ್ಲು ಹೊತ್ತವರಿಗೆ, ದೋರಸಮುದ್ರದ ಕೆರೆಗೆ ಮಣ್ಣು ಹೊತ್ತವರಿಗೆ, ಕೋಟೆಗೋಡೆಗೆ ದಿಂಡುಗಲ್ಲು ಏರಿಸಿದವರಿಗೆ ಕಂಬವೂ ಇಲ್ಲ, ಅಕ್ಷರವೂ ಇಲ್ಲ. ಗೈಡಿನದೇ ತಪ್ಪು ಅನ್ನಲಾರೆ. ಅವನು ಕಲಿತ ಪುಸ್ತಕವೇ ಹಾಗಿದೆ.

ಒಂದು ದಿನ ಬಾಗಿಲು ತೆರೆಯುವ ಔದಾರ್ಯವೂ ನಮಗೆ ಹಳೆಯದೇ. ಮೇಲುಕೋಟೆಯಲ್ಲಿ ಹೊಲೆಯರಿಗೆ ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಬಿಡುತ್ತಿದ್ದರು. ಉಳಿದ ದಿನ? ಬೇಲೂರಿನ ಕತೆಯನ್ನು ಹಳೆಯ ಮೈಸೂರು ಗೆಜೆಟಿಯರೇ ಹೇಳುತ್ತದೆ. ಚೆನ್ನಿಗರಾಯ ಬಾಬಾಬುಡನ್‌ಗಿರಿಗೆ ಹೋಗಿಬರುವಾಗ ಅವನ ಚಪ್ಪಲಿ ಸವೆಯುತ್ತದಂತೆ. ಆಗ ಚನ್ನಗಿರಿ, ಬಸವಾಪಟ್ಟಣದ ಚಪ್ಪಲಿ ಹೊಲಿಯುವವರಿಗೆ ಕನಸು ಬೀಳುತ್ತದೆ. ಅವರು ಹೊಸ ಜೋಡು ತಂದು ಒಪ್ಪಿಸಬೇಕು. ಅದಕ್ಕಾಗಿ ಅವರಿಗೆ ಗುಡಿಯ ಅಂಗಳದವರೆಗೆ ಪ್ರವೇಶ. ಅವರು ಹೊಲಿದ ಚಪ್ಪಲಿ ದೇವರ ಕಾಲಿಗೆ ಆಗುತ್ತದೆ, ಹೊಲಿದವರು ಅಂಗಳ ದಾಟುವಂತಿಲ್ಲ!

1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆ ಗುಡಿಯ ಬಾಗಿಲಲ್ಲಿ ತಡೆಯುವುದನ್ನು ಅಪರಾಧವೆಂದಿತು. ಆದರೂ ಆ ಅಜ್ಜಿಯ ಕಾಲು ಜಗತಿಯ ಕೆಳಗೇ ನಿಂತಿತು. ಯಾರೂ ತಡೆಯಲಿಲ್ಲ. ತಡೆದದ್ದು ಯಾವ ಪರಂಪರೆ, ಯುನೆಸ್ಕೋ ಪಟ್ಟಿಯಲ್ಲಿ ಇಲ್ಲದ್ದು?

ಕೆತ್ತನೆ ಚೆಂದವಿದೆ. ಅದು ನಮ್ಮದೂ ಹೌದು, ಬಿಟ್ಟುಕೊಡುವ ಮಾತೇ ಇಲ್ಲ. ಹಳ್ಳಿ ಮೇಷ್ಟರುಗಳಲ್ಲಿ ಕೇಳುವುದಿಷ್ಟೆ: ಮುಂದಿನ ಸಪ್ತಾಹಕ್ಕೆ ಮಕ್ಕಳನ್ನು ಮೊದಲು ಕೆರೆ ಏರಿಯ ಮೇಲೆ, ಬಿದ್ದ ಕೋಟೆಗೋಡೆಯ ಬಳಿ ನಡೆಸಿ. ಒಂದು ದಪ್ಪ ಕಲ್ಲನ್ನು ನಾಲ್ವರು ಹುಡುಗರು ಅಲುಗಾಡಿಸಿ ನೋಡಲಿ. ಆಮೇಲೆ ಗುಡಿಗೆ ಬನ್ನಿ. ಅಜ್ಜಿಯನ್ನೂ ಕೈಹಿಡಿದು ಮೇಲೆ ಹತ್ತಿಸಿ.