ಕಿವಿಗೆ ಘರಾನಾ ಇಲ್ಲ

ನಮ್ಮ ಸೊರಟೂರಿನ ಕಡೆಯೂ ಈಗ ಮೊಬೈಲಿನಲ್ಲೇ ಹಾಡು ಕಟ್ಟುವ ಹುಡುಗರಿದ್ದಾರೆ. ಸಿದ್ಧ ತಾಳದ ತುಣುಕು, ಮೇಲೊಂದು ಜಾನಪದ ಧಾಟಿ, ಹಾಡು ಮುಗಿಯಿತು. ಹತ್ತು ಕೇಳಿದರೂ ಒಂದನ್ನೇ ಕೇಳಿದಂತೆ. ಯಂತ್ರವನ್ನು ದೂರಿ ಫಲವಿಲ್ಲ. ಅವರು ತಾವು ಮಾಡುವಂಥದ್ದನ್ನೇ ಕೇಳುತ್ತಾರೆ.

ಗದಗಿನ ಬಾಲಕ ಭೀಮಸೇನ ಜೋಶಿಯನ್ನು ಹಿಡಿದು ನಿಲ್ಲಿಸಿದ್ದೂ ಒಂದು ಯಂತ್ರವೇ: ಉಸ್ತಾದ್ ಅಬ್ದುಲ್ ಕರೀಂ ಖಾನರ ಠುಮ್ರಿಯಿದ್ದ ಗ್ರಾಮೊಫೋನ್ ತಟ್ಟೆ. 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟವರು, ಕೊನೆಗೆ ಖಾನರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರ ಬಳಿ ಪಳಗಿದರು. ಆದರೂ ಕೇಸರಬಾಯಿ, ಅಮೀರ್ ಖಾನರಂಥ ಬೇರೆ ಘರಾನೆಯವರಿಗೂ ಕಿವಿ ತೆರೆದಿಟ್ಟರು. ಸ್ವತಃ ಅಬ್ದುಲ್ ಕರೀಂ ಖಾನರೂ ಮೈಸೂರು ಅರಮನೆಯಲ್ಲಿ ಹಾಡಿದವರು. ಕರ್ನಾಟಕ ಸಂಗೀತಕ್ಕೆ ಮನಸೋತು ತ್ಯಾಗರಾಜರ ಕೃತಿಯನ್ನೂ ಧ್ವನಿಮುದ್ರಿಸಿದರು. ಇಬ್ಬರ ಗಾಯನದಲ್ಲೂ ತೇಪೆ ಕಾಣುವುದಿಲ್ಲ. ಕೇಳಿದ್ದು ರಕ್ತಕ್ಕಿಳಿದು ಅವರದೇ ದನಿಯಾಗಿ ಹೊರಬಂದಿದೆ.

ಕತೆ ಬರೆಯುವ ನನಗೂ ಇದು ಗೊತ್ತು. ಮನೆಯ ಉರ್ದು, ಓಣಿಯ ಕನ್ನಡ ಎರಡೂ ಕಿವಿಗೆ ಬೀಳದಿದ್ದರೆ ನನ್ನ ಪಾತ್ರಗಳು ಬಾಯಿ ಬಿಡುತ್ತಿರಲಿಲ್ಲ. ಹಾಡು ಕಟ್ಟುವ ತಮ್ಮಂದಿರೇ, ಮೊಹರಮ್ಮಿನ ರಿವಾಯತ, ಗುಡಿಯ ಭಜನೆ, ಒಗ್ಗದ ರಾಗ, ಎಲ್ಲವನ್ನೂ ಕೇಳಿ. ತುಣುಕು ಎತ್ತಿಕೊಳ್ಳುವ ಅವಸರ ಬೇಡ. ಮೊದಲು ಕಿವಿ ಮಾಗಲಿ.