ಎಡಿಂಗ್ಟನ್ನರ ಎರಡು ಮೇಜುಗಳು

ಭೌತವಿಜ್ಞಾನಿಯು ತನ್ನ ಶಾಸ್ತ್ರದ ಎಲ್ಲೆಯನ್ನು ದಾಟಿ ಸತ್ಯವಸ್ತುವಿನ ವಿಚಾರಕ್ಕೆ ತೊಡಗಿದಾಗ, ಅವನ ಗಣಿತಕ್ಕೆ ಸಲ್ಲುವ ಪ್ರಾಮಾಣ್ಯವು ಅವನ ವಚನಕ್ಕೂ ಸಲ್ಲಬೇಕೆ? ಈ ಪ್ರಶ್ನೆಯನ್ನು ಒರೆಹಚ್ಚಿ ನೋಡಲು ಸರ್ ಆರ್ಥರ್ ಎಡಿಂಗ್ಟನ್ನರ ‘ದಿ ನೇಚರ್ ಆಫ್ ದಿ ಫಿಸಿಕಲ್ ವರ್ಲ್ಡ್’ ಎಂಬ ಗ್ರಂಥವು ಅತ್ಯಂತ ಉಚಿತವಾದುದು. 1919ರ ಸೂರ್ಯಗ್ರಹಣಕಾಲದಲ್ಲಿ ಪ್ರಿನ್ಸಿಪೆ ದ್ವೀಪಕ್ಕೆ ಹೋಗಿ, ನಕ್ಷತ್ರಗಳ ಬೆಳಕು ಸೂರ್ಯನ ಬಳಿ ಬಾಗುವುದನ್ನು ಅಳೆದ ಈ ಖಗೋಲಜ್ಞರು 1927ರಲ್ಲಿ ಎಡಿನ್‌ಬರೋ ನಗರದಲ್ಲಿ ಮಾಡಿದ ಗಿಫರ್ಡ್ ಉಪನ್ಯಾಸಗಳೇ ಮರುವರ್ಷ ಈ ಗ್ರಂಥರೂಪವನ್ನು ತಾಳಿದುವು. ಶೈಲಿಯ ಲಾಲಿತ್ಯದಲ್ಲಿ ಇದಕ್ಕೆ ಸಮನಾದ ವಿಜ್ಞಾನಗ್ರಂಥಗಳು ವಿರಳ. ಅಪಾಯವಿರುವುದೂ ಆ ಲಾಲಿತ್ಯದಲ್ಲಿಯೇ.

ಗ್ರಂಥವು ಮೇಜಿನಿಂದಲೇ ಮೊದಲಾಗುತ್ತದೆ. ಗ್ರಂಥಕರ್ತರು ಬರೆಯಲು ಕುಳಿತಿರುವ ಮೇಜು ಒಂದಲ್ಲ, ಎರಡು. ಮೊದಲನೆಯದು ಬಾಲ್ಯದಿಂದ ಪರಿಚಿತವಾದುದು. ಅದಕ್ಕೆ ಬಣ್ಣವುಂಟು, ಗಟ್ಟಿತನವುಂಟು. ಎರಡನೆಯದು ವಿಜ್ಞಾನದ ಮೇಜು. ಅದು ಬಹುಪಾಲು ಶೂನ್ಯ, ಆ ಶೂನ್ಯದಲ್ಲಿ ಅಲ್ಲಲ್ಲಿ ಮಹಾವೇಗದಿಂದ ಧಾವಿಸುವ ವಿದ್ಯುತ್ಕಣಗಳು. ಅದರ ಮೇಲಿಟ್ಟ ಕಾಗದವು ನೊಣಗಳ ಹಿಂಡಿನ ಮೇಲೆ ನಿಂತಂತೆ ಆ ಕಣಗಳ ಪೆಟ್ಟುಗಳಿಂದ ಎತ್ತಿಹಿಡಿಯಲ್ಪಟ್ಟಿದೆ. ಈ ಎರಡರಲ್ಲಿ ವಸ್ತುತಃ ಇರುವುದು ಎರಡನೆಯದೊಂದೇ ಎಂದು ನವೀನ ಭೌತಶಾಸ್ತ್ರವು ತಮಗೆ ಭರವಸೆ ಕೊಟ್ಟಿದೆಯೆಂದು ಅವರ ಮಾತು. ಗ್ರಂಥಾಂತ್ಯದ ಸುಮಾರಿಗೆ ಇದೇ ಚಿತ್ರ ಮರಳಿ ಬರುತ್ತದೆ: ಚದರಂಗುಲಕ್ಕೆ 14 ಪೌಂಡಿನಂತೆ ಮೈಯನ್ನು ಒತ್ತುತ್ತಿರುವ ಗಾಳಿಯನ್ನು ನೂಕಿ, ಕ್ಷಣಕ್ಕೆ 20 ಮೈಲಿಯಂತೆ ಸೂರ್ಯನನ್ನು ಸುತ್ತುತ್ತಿರುವ ಹಲಗೆಯ ಮೇಲೆ ಕಾಲಿಡಬೇಕಾದ ವಿಜ್ಞಾನಿಯು ಕೊಠಡಿಯ ಬಾಗಿಲಲ್ಲಿ ಅಳುಕಿ ನಿಂತಿದ್ದಾನೆ. ಓದುಗನು ನಗುತ್ತಾನೆ, ನಗುವಿನೊಡನೆ ಸಿದ್ಧಾಂತವನ್ನೂ ನುಂಗಿಬಿಡುತ್ತಾನೆ.

ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸೂಸನ್ ಸ್ಟೆಬಿಂಗ್ ಅವರು 1937ರಲ್ಲಿ ಪ್ರಕಟಿಸಿದ ‘ಫಿಲಾಸಫಿ ಅಂಡ್ ದಿ ಫಿಜಿಸಿಸ್ಟ್ಸ್’ ಎಂಬ ಗ್ರಂಥದಲ್ಲಿ ಇದನ್ನು ನಿರ್ದಾಕ್ಷಿಣ್ಯವಾಗಿ ವಿಮರ್ಶಿಸಿದರು. ‘ಗಟ್ಟಿ’ ಎಂಬ ಶಬ್ದಕ್ಕೆ ಅರ್ಥ ಬಂದಿರುವುದೇ ಹಲಗೆ, ಕಲ್ಲು ಮೊದಲಾದುವುಗಳಿಂದ; ಹಲಗೆಯೇ ಗಟ್ಟಿಯಲ್ಲವೆಂದ ಮೇಲೆ ಆ ಶಬ್ದದಿಂದ ಯಾವುದನ್ನು ನಿರಾಕರಿಸಿದಂತಾಯಿತು? ಇದು ಅವರ ಆಕ್ಷೇಪದ ತಿರುಳು. ಕನ್ನಡದ ಬಡಗಿಯೂ ಇದನ್ನು ಬಲ್ಲ. ಅವನು ಮರವನ್ನು ತಟ್ಟಿ ‘ಇದು ಗಟ್ಟಿ, ಅದು ಟೊಳ್ಳು’ ಎಂದು ವಿಂಗಡಿಸುತ್ತಾನೆ. ಎಲ್ಲ ಮರವೂ ಟೊಳ್ಳೇ ಎಂದು ಅವನಿಗೆ ಬೋಧಿಸಿದರೆ ಅವನ ವಿಂಗಡಣೆಯೇನೂ ಸುಳ್ಳಾಗುವುದಿಲ್ಲ. ಬೋಧಕನ ಮಾತು ಮಾತ್ರ ಅರ್ಥವನ್ನು ಕಳೆದುಕೊಳ್ಳುತ್ತದೆ.

ಆದರೆ ಶಬ್ದದೋಷಕ್ಕಿಂತ ಗುರುತರವಾದ ದೋಷವೊಂದು ಎಡಿಂಗ್ಟನ್ನರ ವಾದದ ಒಳಗೇ ಇದೆ. ಭೌತಶಾಸ್ತ್ರವು ವಸ್ತುಸ್ವರೂಪವನ್ನು ಮುಟ್ಟುವುದಿಲ್ಲ, ಅಳತೆಯ ಉಪಕರಣಗಳ ಮುಳ್ಳು ತೋರಿಸಿದ ಅಂಕಗಳನ್ನು ಮಾತ್ರ ಬಲ್ಲುದು ಎಂಬುದು ಅವರದೇ ಮತ. ಇದಕ್ಕೆ ಅವರು ಕೊಡುವ ನಿದರ್ಶನ ರಮಣೀಯವಾದುದು. ಪರೀಕ್ಷೆಯ ಪ್ರಶ್ನೆಯಲ್ಲಿ ಹುಲ್ಲುಗುಡ್ಡದಿಂದ ಆನೆಯೊಂದು ಜಾರುತ್ತದೆ. ಲೆಕ್ಕವು ತೊಡಗಿದೊಡನೆ ಆನೆ ಮಾಯವಾಗಿ 2 ಟನ್ ಉಳಿಯುತ್ತದೆ, ಗುಡ್ಡ ಮಾಯವಾಗಿ 60 ಅಂಶದ ಕೋನ ಉಳಿಯುತ್ತದೆ. ಭೌತಜಗತ್ತನ್ನು ಅವರು ನೆರಳಿನಾಟವೆಂದು ಕರೆಯುವುದೂ ಮೇಜುಗಳ ಪ್ರಸ್ತಾಪವಿರುವ ಪೀಠಿಕೆಯಲ್ಲಿಯೇ. ಹಾಗಾದರೆ ವಿಜ್ಞಾನದ ಮೇಜು ನೆರಳು. ಅದೊಂದೇ ವಸ್ತುತಃ ಇರುವುದೆಂದು ಹೇಳುವ ಅಧಿಕಾರ ನೆರಳಿನ ಶಾಸ್ತ್ರಕ್ಕೆ ಎಲ್ಲಿಂದ ಬಂತು? ಒಂದು ಕೈಯಿಂದ ಪರಿಚಿತ ಮೇಜನ್ನೂ ಇನ್ನೊಂದು ಕೈಯಿಂದ ವಿಜ್ಞಾನದ ಮೇಜನ್ನೂ ಕಿತ್ತುಕೊಂಡ ಬಳಿಕ, ಬರಿದಾದ ಸ್ಥಳದಲ್ಲಿ ಚೈತನ್ಯವನ್ನು ಜಗತ್ತಿನ ದ್ರವ್ಯವೆಂದು ಸ್ಥಾಪಿಸುವುದು ಸುಲಭ. ಆ ಸಿದ್ಧಾಂತ ಸತ್ಯವಾಗಿರಬಹುದು. ಭೌತಶಾಸ್ತ್ರದಿಂದ ಮಾತ್ರ ಅದು ಸಿದ್ಧವಾಗಿಲ್ಲ.

ಭಾರತೀಯ ವಾಚಕರಿಗೆ ಇಲ್ಲಿ ವ್ಯಾವಹಾರಿಕ ಪಾರಮಾರ್ಥಿಕಗಳ ಭೇದವು ನೆನಪಿಗೆ ಬರುವುದು ಸಹಜ. ಹೋಲಿಕೆಯು ಮೋಸಗೊಳಿಸುವಂಥದು. ಹಗ್ಗದ ಜ್ಞಾನವಾದೊಡನೆ ಹಾವು ಬಾಧಿತವಾಗುತ್ತದೆ. ಪರಮಾಣುವಿನ ಜ್ಞಾನದಿಂದ ಮೇಜು ಬಾಧಿತವಾಗುವುದಿಲ್ಲ. ಪರಮಾಣುವನ್ನು ಅರಿಯುವ ಉಪಕರಣವು ಗಟ್ಟಿಯಾದ ಮೇಜಿನ ಮೇಲೆಯೇ ಕುಳಿತಿರಬೇಕು. ಪರಮಾಣುಕಾರಣವಾದವನ್ನು ಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಖಂಡಿಸಿದ ಶಂಕರಾಚಾರ್ಯರು ವಿದ್ಯುತ್ಕಣಗಳಿಗೆ ಪಾರಮಾರ್ಥಿಕ ಪದವಿಯನ್ನು ಕೊಡುತ್ತಿದ್ದರೆಂದು ಭಾವಿಸಲು ಆಧಾರವಿಲ್ಲ.

ಭೌತಶಾಸ್ತ್ರದ ಮುಂದಿನ ಚರಿತ್ರೆಯೂ ಎಡಿಂಗ್ಟನ್ನರ ಪಕ್ಷಕ್ಕೆ ಅನುಕೂಲವಾಗಲಿಲ್ಲ. ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನುಗಳು ಇರಲಾರವೆಂಬ ನಿಯಮವನ್ನು ಪೌಲಿ 1925ರಲ್ಲಿಯೇ ಹೇಳಿದ್ದನು. ದ್ರವ್ಯವು ತನ್ನೊಳಗೇ ಕುಸಿಯದೆ ಸ್ಥಿರವಾಗಿ ನಿಂತು ಸ್ಥಳವನ್ನು ಆಕ್ರಮಿಸಿಕೊಂಡಿರುವುದಕ್ಕೆ ಈ ನಿಯಮವೇ ಆಧಾರವೆಂಬುದನ್ನು 1967ರಲ್ಲಿ ಡೈಸನ್ ಮತ್ತು ಲೆನಾರ್ಡ್ ಗಣಿತರೀತ್ಯಾ ಸಾಧಿಸಿದರು. ಅಂದರೆ ಗಟ್ಟಿತನವು ಭ್ರಾಂತಿಯೆಂದು ಶಾಸ್ತ್ರವು ಹೇಳಲಿಲ್ಲ. ಅದಕ್ಕೆ ಕಾರಣವನ್ನು ಹೇಳಿತು. ಕಾರಣವನ್ನು ಹೇಳುವುದಕ್ಕೂ ಇಲ್ಲವೆನ್ನುವುದಕ್ಕೂ ಅಂತರವುಂಟಷ್ಟೆ.

ಇಷ್ಟಾದರೂ ಸ್ಟೆಬಿಂಗ್ ಅವರ ಜಯವು ಸಂಪೂರ್ಣವಾದುದಲ್ಲ. ಎಡಿಂಗ್ಟನ್ನರು ತಪ್ಪಾಗಿ ನುಡಿದರೆಂಬುದು ನಿಜ. ಆದರೆ ಅವರನ್ನು ನುಡಿಯುವಂತೆ ಪ್ರೇರಿಸಿದ ತೊಡಕು ಭಾಷೆಯ ಶುದ್ಧೀಕರಣದಿಂದ ಕರಗಲಿಲ್ಲ. ಗಟ್ಟಿತನಕ್ಕೆ ದೊರೆತ ಉತ್ತರವು ಬಣ್ಣಕ್ಕೆ ಅಷ್ಟು ಸುಲಭವಾಗಿ ದೊರೆಯದು. 1962ರಲ್ಲಿ ಅಮೆರಿಕದ ವಿಲ್‌ಫ್ರಿಡ್ ಸೆಲರ್ಸ್ ಅದನ್ನೇ ಮರಳಿ ಎತ್ತಿಕೊಂಡು, ಎರಡು ವಸ್ತುಗಳಿಗೆ ಬದಲಾಗಿ ಒಂದೇ ಜಗತ್ತಿನ ಎರಡು ಚಿತ್ರಗಳೆಂದು ನಿರೂಪಿಸಿದನು. ವಿಜ್ಞಾನದ ಚಿತ್ರಕ್ಕೇ ಅಗ್ರಸ್ಥಾನವನ್ನು ಕೊಟ್ಟ ಅವನೂ ಒಂದು ಗುಲಾಬಿಬಣ್ಣದ ಮಂಜುಗಡ್ಡೆಯ ಮುಂದೆ ತಡೆದು ನಿಂತನು. ಆ ಗಡ್ಡೆಯು ಒಳಗೂ ಹೊರಗೂ ಗುಲಾಬಿಯಾಗಿ ಕಾಣುತ್ತದೆ. ಅದರ ಕಣಗಳಲ್ಲಿ ಒಂದಕ್ಕೂ ಆ ಬಣ್ಣವಿಲ್ಲ.